ಗಂಜಿ ಬಳಿದ ಗಾಜಿನ ಮನೆ

ಏರ್ಕಾಡು ಬೆಟ್ಟದ ಮಾರ್ಗಳಿ ತಿಂಗಳ ಚಳಿಯಲ್ಲೇ ಬದನೆಕಾಯಿ ಬೆಳೆದು ತೋರಿಸುತ್ತೇನೆಂದು ಶಪಥ ಮಾಡಿದವಳು ನಾನು! ಚಳಿಯೇ ಬಂದು ನನ್ನ ಕಾಲಿಗೆ ಬೀಳಬೇಕು!

ಮೆಟ್ಟೂರು ಅಣೆ ಕಟ್ಟಿ ಮುಗಿಸಿದ ಮರುವರ್ಷದ ಮಾತು. ಸೇಲಂನಲ್ಲಿ ನಮ್ಮದು ನೇಯ್ಗೆಯ ಮನೆ. ಕೋಳಿ ಕೂಗುವ ಮೊದಲೇ ಎದ್ದು, ಬೀದಿಯುದ್ದ ಹಾಸಿದ ನೂಲಿಗೆ, ಮಗ್ಗದಲ್ಲಿ ಹರಿಯದಿರಲೆಂದು, ಗಂಜಿ ಹಚ್ಚಬೇಕು. ನಾನು ಮಹಾ ಉಪಾಯಗಾತಿ! ಬೇಕೆಂದೇ ಗಂಟುಗಂಟಾಗಿ ಗಂಜಿ ಕಾಯಿಸಿದೆ. "ಇವಳ ಕೈಗೆ ಗಂಜಿ ಒಲಿಯಾಕಿಲ್ಲ" ಎಂದು ಅತ್ತೆ ಮುನಿವೆಂಕಟಮ್ಮ ಕೈಬಿಟ್ಟರು. ನಮ್ಮ ಯಜಮಾನರಿಗೆ ಬೆಟ್ಟದ ಮೇಲೆ ಕಾಫಿ ದೊರೆಯ ಬಂಗಲೆಯಲ್ಲಿ ತೋಟದ ಕೆಲಸ ಸಿಕ್ಕಾಗ ನನ್ನನ್ನೂ ಜೊತೆಗೆ ಕಳಿಸಿದರು.

"ಪೊಂಗಲ್‌ಗೆ ಬತ್ತೀನಿ. ಇತ್ತಲಲ್ಲಿ ನಾಕು ಬದನೆಕಾಯಿ ಕಾಣ್ದಿದ್ರೆ, ಗಂಟು ಕಟ್ಕೊಂಡು ಕೆಳಗಿಳಿ!" ಎಂದಿದ್ದರು ಅತ್ತೆ, ನನ್ನ ಶಪಥ ಕೇಳಿ.

ಇಳಿಯುವುದೇ? ಮತ್ತೆ ಆ ಗಂಜಿಗೇ?

ದೊರೆಯ ಗಾಜಿನ ಮನೆಯೊಳಗೆ ಚಳಿಗಾಲದಲ್ಲೂ ತಕ್ಕಾಳಿ, ಅದೇ ಟೊಮೇಟೊ, ಕೆಂಪಗೆ ಹಣ್ಣಾಗುತ್ತಿತ್ತು. ನನಗೂ ಅಂಥದೊಂದು ಬೇಕು!

"ಗಾಜಿಲ್ದೆ ಗಾಜಿನ ಮನೆನಾ?" ಯಜಮಾನರು ನಕ್ಕರು. ಪುಣ್ಯಾತ್ಮರು, ಈಗಿಲ್ಲ.

"ಬಟ್ಟೆ ಐತಲ್ಲ!"

"ಯಾವ ಬಟ್ಟೆ?"

"ನಿಮ್ಮ ದೀಪಾವಳಿ ಪಂಚೆ."

"ಅಡಿ ಪಾವಿ! ಪಾಪಿ ಕಣೇ ನೀನು!"

ಬಿದಿರ ದಬ್ಬೆ ಬಗ್ಗಿಸಿ, ಗಿಡಗಳ ಮೇಲೆ ಪಂಚೆ ಬಿಗಿದೆ. ನೇಯ್ಗೆಯ ಸಂದಿನಲ್ಲಿ ಮಂಜು ನುಸುಳಿತು. ನೇಯುವವರ ಮನೆಯವಳಿಗೆ ಬೇರೇನು ಹೊಳೆಯುತ್ತದೆ? ಅಕ್ಕಿ ಗಂಜಿ! ಈ ಸಲ ಬೆಣ್ಣೆಯಂತೆ ಕಾಯಿಸಿ ಎರಡು ಸಲ ಬಳಿದೆ. ಪಂಚೆ ತಮಟೆಯಂತಾಯಿತು!

ಐದು ಕಾಯಿ ಬಿಟ್ಟವು. ನನಗೆ ಕೂತಲ್ಲಿ ಕೂರಲಾಗದು. ಕೈ ಒಲೆಯ ಮೇಲೆ, ಕಣ್ಣು ಹಿತ್ತಲಲ್ಲಿ. ಸಾರು ಉಕ್ಕಿದರೂ ಓಡಿ ಹೋಗಿ ಕಾಯಿ ಮುಟ್ಟಿ ಬರುತ್ತಿದ್ದೆ.

"ಮುಟ್ಟಿ ಮುಟ್ಟೇ ಬೇಯಿಸ್ಬುಡ್ತೀಯ ಕಣೇ!" ಎನ್ನುತ್ತಿದ್ದರು ಯಜಮಾನರು.

ಪೊಂಗಲ್ ಹಿಂದಿನ ದಿನ ಬಸ್ಸಿಳಿದ ಅತ್ತೆಯನ್ನು ಮೆರವಣಿಗೆಯಂತೆ ನೇರ ಹಿತ್ತಲಿಗೇ ಕರೆತಂದೆ. ನೋಡಿದರೆ, ಪಕ್ಕದ ಮನೆ ಸಣ್ಣಕ್ಕನ ಹಸು! ಮಂಜಿಗೆ ಗಂಜಿ ನೆನೆದು ಘಮಘಮ ಎಂದಿತ್ತು. ಚಾವಣಿ ಊಟವಾಗಿತ್ತು, ಬದನೆ ನಂಜಿಕೊಳ್ಳಲು! ಬಾಯಲ್ಲಿ ಪಂಚೆಯ ಅಂಚು ನೇತಾಡುತ್ತಿತ್ತು.

"ಸಣ್ಣಕ್ಕಾ, ನಿನ್ನ ಹಸ ನನ್ನ ಮನೆ ತಿಂತಾ ಐತೆ!"

"ಅಕ್ಕಿ ಗಂಜಿ ಬಳ್ದು ನಿಲ್ಸಿದ್ರೆ ನಾನೂ ತಿಂತಿದ್ದೆ ಕಣಮ್ಮಾ!"

ಅತ್ತೆ ಹಸುವಿನ ಬಾಯಿಂದ ಚಿಂದಿ ಎಳೆದು, ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದರು.

"ಐದು ಕಾಯಿ ಇತ್ತು ಅತ್ತೆ, ದೇವ್ರಾಣೆ!"

"ಕಾಯಿ ಕತೆ ಬಿಡು. ಒಂದು ಗಂಟೂ ಇಲ್ವಲ್ಲ! ಈ ಗಂಜಿ ಕಾಯಿಸಿದ್ದು ಯಾರು?"

ಹಾಳು ಬಾಯಿ, ಹೊಗಳಿಕೆಗೆ ಉಬ್ಬಿತು. "ನಾನೇ!"

"ಅಂಗಾದ್ರೆ ಇಳಿ ಮಗಳೇ. ನೂಲು ಕಾಯ್ತಾ ಐತೆ."

ಅಂದಿನಿಂದ ನಲವತ್ತು ವರ್ಷ, ನಮ್ಮ ಬೀದಿಯ ಕೋಳಿಯನ್ನು ಎಬ್ಬಿಸಿದವಳು ನಾನೇ!