ತಾನೇ ಓಡಾಡುವ ಬಾಣವೂ ನನ್ನ ಖಾಯಂ ನೌಕರಿಯೂ

ನನ್ನ ಕೆಲಸದಲ್ಲಿ ತಿಂಗಳಿಗೆ ಒಂದಾದರೂ ಇಂಥ ಪ್ರಸಂಗ ಆಗಿಯೇ ಆಗುತ್ತದೆ. ಆಗುವಾಗ ನನಗೆ ನಗು ಬರುವುದಿಲ್ಲ. ನಗು ಬರುವುದು ಮೂರು ನಾಲ್ಕು ದಿನ ಬಿಟ್ಟು, ಅದೂ ಮೊದಲು ಬೇರೆಯವರಿಗೆ. ನಾನು ಹಿಂದೆ ಏನನ್ನೂ ಬರೆದವಳಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ತಿಳಿಯದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಗೊತ್ತಿದ್ದವರು ಬೇಸರ ಮಾಡಿಕೊಳ್ಳಬಾರದು.

ಬಾಗಲಕೋಟೆಯ ನವನಗರದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಒಟ್ಟು ಏಳು ಜನ ಇದ್ದೇವೆ. ಅಂಗಡಿ, ಲಾಡ್ಜು, ದವಾಖಾನೆಗಳ ಟೇಬಲ್ ಮೇಲಿರುವ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವವಳು ನಾನು. ಪರೀಕ್ಷೆ ಎಂದರೆ ನಾನೇ ಕುಳಿತು ಒಂದೊಂದು ಬಟನ್ ಒತ್ತುವುದಲ್ಲ. ನಾನು ಬರೆದಿಟ್ಟ ಇನ್ನೊಂದು ಪ್ರೋಗ್ರಾಂ ಒತ್ತುತ್ತದೆ. ಮೌಸನ್ನು ಯಾರೂ ಮುಟ್ಟದಿದ್ದರೂ ತೆರೆಯ ಮೇಲಿನ ಬಾಣ ತಾನೇ ಓಡಾಡುತ್ತದೆ, ಹೆಸರು ಬರೆಯುತ್ತದೆ, ಬಟನ್ ಒತ್ತುತ್ತದೆ. ಎಲ್ಲ ಸರಿ ಇದ್ದರೆ ಕೊನೆಗೆ ಹಸಿರು ಸಾಲು ಬರುತ್ತದೆ, ತಪ್ಪಿದ್ದರೆ ಕೆಂಪು ಸಾಲು. ಕೆಂಪು ಬಂದಾಗ ತಪ್ಪು ಸಾಫ್ಟ್‌ವೇರಿನದೋ, ಕಂಪ್ಯೂಟರಿನದೋ, ನನ್ನ ಪ್ರೋಗ್ರಾಮಿನದೋ ಎಂದು ಹುಡುಕಬೇಕು. ಹುಡುಕುವವಳೂ ನಾನೇ.

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. "ಆರು ತಿಂಗಳ ನೋಡ್ತೇವಿ, ಆಮ್ಯಾಲೆ ಖಾಯಂ ಮಾಡ್ತೇವಿ" ಎಂದು ಹೇಳಿ ಸರ್ ನನ್ನನ್ನು ಸೇರಿಸಿಕೊಂಡಿದ್ದರು. ಸರ್ ಎಂದರೆ ನಮ್ಮ ಕಂಪನಿಯ ಮಾಲೀಕರು. ಖಾಯಂ ಮಾಡದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮ ಅವ್ವ ಮಾತ್ರ, ನಾನು ಆಗಲೇ ಖಾಯಂ ಆಗಿದ್ದೇನೆಂದು ಓಣಿಗೆಲ್ಲ ಹೇಳಿ ಪೇಢೆಯನ್ನೂ ಹಂಚಿ ಮುಗಿಸಿದ್ದಳು.

ಕುಂತು ನೋಡಿದರೆ ಪಾಸು

ಇದು ಎರಡನೆಯ ತಿಂಗಳಲ್ಲಿ ಆಗಿದ್ದು. ಪರೀಕ್ಷೆ ಓಡುವ ಕಂಪ್ಯೂಟರನ್ನು ಆಫೀಸಿನ ಒಳಕೋಣೆಯಲ್ಲಿ ಇಟ್ಟಿದ್ದರು. ಅದಕ್ಕೆ ಸ್ವಂತ ತೆರೆ ಇರಲಿಲ್ಲ. ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲೇ ಒಂದು ಕಿಟಕಿ, ಅಂದರೆ ವಿಂಡೋ, ತೆರೆದು ಅದರೊಳಗೆ ನಡೆಯುವುದನ್ನು ನೋಡಬೇಕಿತ್ತು.

ನಾನು ನೋಡುತ್ತಾ ಕುಳಿತರೆ ಎಲ್ಲ ಹಸಿರು. ಆ ಕಿಟಕಿ ಮುಚ್ಚಿ ಊಟಕ್ಕೆ ಎದ್ದು ಹೋಗಿ ಬಂದರೆ ಎಲ್ಲ ಕೆಂಪು. ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನದಿಂದ ನಾನು ಡಬ್ಬಿಯನ್ನು ಅಲ್ಲೇ ಬಿಚ್ಚಿ, ಎಡಗೈಯಲ್ಲಿ ಮೌಸ್ ಹಿಡಿದು, ಬಲಗೈಯಲ್ಲಿ ರೊಟ್ಟಿ ಮುರಿದು, ಕಣ್ಣು ಮಿಟುಕಿಸಲೂ ಹೆದರುತ್ತ ಊಟ ಮಾಡತೊಡಗಿದೆ. ಒಂದು ವಾರ ಆದ ಮೇಲೆ ಕಾರಣ ತಿಳಿಯಿತು. ನಾನು ಕಿಟಕಿ ಮುಚ್ಚಿದ ಕೂಡಲೇ ಆ ಕಂಪ್ಯೂಟರಿಗೆ ತೆರೆಯೇ ಇಲ್ಲದಂತಾಗುತ್ತಿತ್ತು. ತೆರೆ ಇಲ್ಲದಿದ್ದರೆ ಬಟನ್ ಇಲ್ಲ, ಬಟನ್ ಇಲ್ಲದಿದ್ದರೆ ಬಾಣ ಎಲ್ಲಿ ಒತ್ತಬೇಕು? ಇದನ್ನು ಸರ್‌ಗೆ ಹೇಳಲು ಹೋದೆ.

"ಅಂದ್ರ, ನೀ ಕುಂತ ನೋಡಿದ್ರ ಅದು ಕೆಲಸ ಮಾಡ್ತದ?"

"ಹೌದ್ರಿ ಸರ್."

"ನೀ ಎದ್ದ ಹೋದ್ರ ಬಂದ್?"

"ಹೌದ್ರಿ ಸರ್."

ಸರ್ ಕುರ್ಚಿಗೆ ಒರಗಿ ಹೊರಗೆ ಕೂತ ಉಳಿದ ಐದು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಹಂಗಾರ ಅದನ್ನ ಇವತ್ತಽ ಖಾಯಂ ಮಾಡಿಬಿಡೂಣು. ನಮ್ಮ ಆಫೀಸಿಗೆ ಬರೋಬ್ಬರಿ ಹೊಂದತೈತಿ" ಎಂದರು.

ಆ ಕಂಪ್ಯೂಟರು ನನಗಿಂತ ಮೊದಲು ಖಾಯಂ ಆಯಿತು.

ಬದಾಮಿಯ ಮಂಗ್ಯಾ

ಬದಾಮಿಯ ಒಂದು ಲಾಡ್ಜಿಗೆ ಕೋಣೆ ಕಾಯ್ದಿರಿಸುವ ಸಾಫ್ಟ್‌ವೇರ್ ಕೊಟ್ಟಿದ್ದೆವು. ದಿನಾ ಹನ್ನೊಂದು ಗಂಟೆಗೆ, ಪ್ರವಾಸಿಗರು ಕೋಣೆ ಬಿಟ್ಟು ಹೋದ ಹೊತ್ತಿಗೆ, ಅಲ್ಲಿ ಪರೀಕ್ಷೆ ತಾನೇ ಓಡುತ್ತಿತ್ತು. ವರದಿ ನನಗೆ ಮೇಲ್‌ನಲ್ಲಿ ಬರುತ್ತಿತ್ತು. ದಿನವೂ ಕೆಂಪು. ನಾನು ಹೋಗಿ ಎದುರಿಗೆ ನಿಂತರೆ ಹಸಿರು. ಇಲ್ಲೂ ಮೊದಲಿನ ರೋಗವೇ ಇರಬೇಕೆಂದುಕೊಂಡೆ. ಆದರೆ ಆ ಕಂಪ್ಯೂಟರಿಗೆ ಒಳ್ಳೆಯ ದೊಡ್ಡ ತೆರೆ ಇತ್ತು.

ಮೂರನೆಯ ಸಲ ಹೋಗುವಾಗ ನೇರ ಬಸ್ಸು ತಪ್ಪಿತು. ಹುಬ್ಬಳ್ಳಿ ಬಸ್ಸು ಹತ್ತಿ ಕುಳಗೇರಿ ಕ್ರಾಸಿನಲ್ಲಿ ಇಳಿದು ಬದಾಮಿ ಬಸ್ಸಿಗೆ ಕಾಯುತ್ತಾ ನಿಂತೆ. ಪರೀಕ್ಷೆ ಕೆಟ್ಟಾಗ ಪ್ರೋಗ್ರಾಂ ತೆರೆಯ ಫೋಟೋ ಒಂದನ್ನು ತೆಗೆದು ವರದಿಗೆ ಅಂಟಿಸುತ್ತದೆ. ಮಾಡಲು ಬೇರೆ ಕೆಲಸ ಇಲ್ಲದ್ದರಿಂದ ಆ ಫೋಟೋವನ್ನು ಮೊಬೈಲಿನಲ್ಲಿ ಮೊದಲ ಸಲ ಗಮನವಿಟ್ಟು ನೋಡಿದೆ. ಅಕ್ಷರಗಳೆಲ್ಲ ಬಸ್ಸಿನ ಬೋರ್ಡಿನಷ್ಟು ದೊಡ್ಡದಾಗಿದ್ದವು! ಅಕ್ಷರ ಉಬ್ಬಿದ್ದರಿಂದ ಬಟನ್ನುಗಳೆಲ್ಲ ಜಾಗ ಬಿಟ್ಟು ಸರಿದಿದ್ದವು. ನನ್ನ ಬಾಣ ಪಾಪ, ಹಳೆಯ ಜಾಗಕ್ಕೇ ಹೋಗಿ ಬರಿಯ ನೆಲ ಒತ್ತಿ ಬರುತ್ತಿತ್ತು.

ಲಾಡ್ಜಿನ ಮ್ಯಾನೇಜರ್ ಅರವತ್ತರ ಆಸುಪಾಸಿನವರು. ಕೂದಲಿಗೆ ಕಪ್ಪು ಹಚ್ಚಿ ಹಿಂದಕ್ಕೆ ಬಾಚುತ್ತಿದ್ದರು.

"ಕಾಕಾ, ಅಕ್ಷರ ಯಾರ್ ದೊಡ್ಡದು ಮಾಡ್ಯಾರ್ರಿ?" ಎಂದು ಕೇಳಿದೆ.

"ಯಾರ್ ಮಾಡ್ತಾರವಾ? ಇಲ್ಲಿ ಮಂಗ್ಯಾಗೋಳ ಕಾಟ ಭಾಳ. ಕಿಡಕಿಯಾಗಿಂದ ಬಂದು ಕೀಬೋರ್ಡ್ ಮ್ಯಾಲ ಕುಂತ ಬಿಡ್ತಾವು."

"ಮತ್ತ ನಾ ಬರೂದರಾಗ ಮತ್ತ ಸಣ್ಣದು ಆಗಿರ್ತಾವಲ್ರಿ?"

"ಬದಾಮಿ ಮಂಗ್ಯಾ ಭಾಳ ಶಾಣ್ಯಾ ಇರ್ತಾವು."

ನಾನು ಮೊಬೈಲಿನಲ್ಲಿದ್ದ ಆ ಫೋಟೋವನ್ನು ಅವರ ಮುಂದೆ ಹಿಡಿದೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ತಂಗಿ, ಮಾಲಕರಿಗೆ ಹೇಳಬ್ಯಾಡ. ಹತ್ತಿರದ್ದು ಕಾಣವಲ್ದು ನನಗ. ಚಾಳೀಸ ಹಾಕ್ಕೊಂಡ್ರ ಮುದುಕಾ ಆದ ಅಂತ ಮನಿಗೆ ಕಳಸ್ತಾರ. ನೀ ಬರ್ತೀ ಅಂತ ಫೋನ್ ಬಂದ ಕೂಡ್ಲೆ ಸಣ್ಣದು ಮಾಡಿ ಇಡ್ತಿದ್ದೆ."

ನೌಕರಿ ಹೋದೀತೆಂಬ ಭಯ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಟನ್ನನ್ನು ಜಾಗ ನೋಡಿ ಒತ್ತುವ ಬದಲು ಅದರ ಮೇಲಿನ ಹೆಸರು ನೋಡಿ ಒತ್ತುವ ಹಾಗೆ ಪ್ರೋಗ್ರಾಂ ತಿದ್ದಿದೆ. ಅಕ್ಷರ ಎಷ್ಟು ದೊಡ್ಡದಾದರೂ ಇನ್ನು ತೊಂದರೆ ಇರಲಿಲ್ಲ. ಆದರೆ ವರದಿಯಲ್ಲಿ "ಕೆಡಲು ಕಾರಣ" ಎಂಬ ಖಾನೆ ಖಾಲಿ ಬಿಡುವಂತಿಲ್ಲ. ಬಹಳ ಹೊತ್ತು ಯೋಚಿಸಿ, "ಮಂಗ" ಎಂದು ಬರೆದು ಕಳಿಸಿದೆ. ಸರ್ ಕರೆಸಿ ಬೈಯುತ್ತಾರೆಂದು ಎರಡು ದಿನ ಅವರ ಕೋಣೆಯ ಮುಂದೆ ಹಾಯಲಿಲ್ಲ. ಮೂರನೆಯ ದಿನ ಅವರೇ ನನ್ನ ಟೇಬಲ್ಲಿನ ಹತ್ತಿರ ಬಂದರು.

"ವರದಿ ನೋಡಿದೆ. ಒಂದ ಮಾತು ಕೇಳಬೇಕಿತ್ತು."

"ಏನ್ರಿ ಸರ್?"

"ಎಷ್ಟ್ ಇದ್ದವು?"

ಟೆಸ್ಟಪ್ಪ ಯಾರ್ರಿ?

ಹುನಗುಂದದ ಒಂದು ಖಾಸಗಿ ದವಾಖಾನೆ. ಬಂದ ರೋಗಿಯ ಹೆಸರು ಬರೆದುಕೊಂಡು ಡಾಕ್ಟರರ ಕೋಣೆಗೆ ಸರದಿ ಕಳಿಸುವ ಸಾಫ್ಟ್‌ವೇರ್. ಅಲ್ಲಿಯ ಕಂಪ್ಯೂಟರು ಬಹಳ ನಿಧಾನ. ಒಂದು ಪುಟ ತೆರೆಯುವ ಮೊದಲೇ ನನ್ನ ಬಾಣ ಹೋಗಿ ಬಟನ್ ಹುಡುಕಿ, ಸಿಗದೆ ಕೆಂಪು ತೋರಿಸುತ್ತಿತ್ತು. ಆದ್ದರಿಂದ ಅದಕ್ಕೆ ಮೂವತ್ತು ಸೆಕೆಂಡು ತಾಳ್ಮೆ ಕಲಿಸಿದೆ. ಅಂದರೆ, ಹೆಸರು ವಯಸ್ಸು ಬರೆದ ಮೇಲೆ ಅಷ್ಟು ಹೊತ್ತು ಸುಮ್ಮನೆ ನಿಲ್ಲು, ಆಮೇಲೆ ಬಟನ್ ಬಂದಿದೆಯೇ ನೋಡಿ, ಏನನ್ನೂ ಕಳಿಸದೆ ಮುಚ್ಚು ಎಂದು.

ಆಗ ನಾವು ನಿಜವಾದ ದಾಖಲೆಯಲ್ಲೇ ಪರೀಕ್ಷೆ ಓಡಿಸುತ್ತಿದ್ದೆವು. ಅದು ತಪ್ಪು. ಈಗ ಹಾಗೆ ಮಾಡುವುದಿಲ್ಲ, ಅಭ್ಯಾಸಕ್ಕೆಂದೇ ಬೇರೆ ದಾಖಲೆ ಇಟ್ಟಿದ್ದೇವೆ. ಯಾಕೆ ಇಟ್ಟೆವು ಎಂಬುದೇ ಈ ಪ್ರಸಂಗ.

ಆ ದಿನ ನಾನು ಅಲ್ಲೇ ಮೂಲೆಯ ಬೆಂಚಿನ ಮೇಲೆ ಕೂತಿದ್ದೆ. ಹೆಸರು ಬರೆದುಕೊಳ್ಳುವ ಅಕ್ಕ ತಮ್ಮ ಕುರ್ಚಿಯಲ್ಲಿ ಕೂತು ಬಾಣವನ್ನೇ ನೋಡುತ್ತಿದ್ದರು. ಬಾಣ "ಟೆಸ್ಟಪ್ಪ" ಎಂದು ಸುಳ್ಳು ರೋಗಿಯ ಹೆಸರು ಬರೆಯಿತು, ವಯಸ್ಸು ಬರೆಯಿತು, ನಂತರ ಹೇಳಿಕೊಟ್ಟಂತೆ ನಿಂತಿತು. ಹತ್ತು ಸೆಕೆಂಡು ಆಯಿತು. ಹದಿನೈದಾಯಿತು. ಅಕ್ಕನಿಗೆ ತಡೆಯಲಾಗಲಿಲ್ಲ. ನಾನು "ಬ್ಯಾಡ್ರಿ" ಎನ್ನುವುದರೊಳಗೆ ಮೌಸ್ ಹಿಡಿದು "ಡಾಕ್ಟರ್ ಕಡೆ ಕಳಿಸು" ಒತ್ತಿಯೇಬಿಟ್ಟರು.

"ಅಯ್ಯ, ಯಾಕ ಒತ್ತಿದ್ರಿ ಅಕ್ಕಾರ?"

"ಪಾಪ, ಅದಕ್ಕ ಬಟನ್ ಕಾಣವಲ್ದಾಗಿತ್ತು. ಎಷ್ಟೊತ್ತು ಅಂತ ನಿಂದರತೈತಿ ಅದು?"

ಅಷ್ಟರಲ್ಲಿ ಒಳಗಿನಿಂದ ಕಂಪೌಂಡರ್ ಬಾಗಿಲಿಗೆ ಬಂದು, "ಟೆಸ್ಟಪ್ಪಾ! ಟೆಸ್ಟಪ್ಪ ಯಾರ್ರಿ?" ಎಂದು ಕೂಗಿದರು. ನಾನು ಆ ಹೆಸರನ್ನು ಅಳಿಸಿರೆಂದು ಇನ್ನೂ ಅಕ್ಕನಿಗೆ ಹೇಳುತ್ತಿದ್ದೆ. ಅವರು ಎರಡನೆಯ ಸಲ ಕೂಗಿದಾಗ ಹಾಲ್‌ನ ಹಿಂದಿನ ಸಾಲಿನಿಂದ ತಲೆಗೆ ಪಟಗಾ ಸುತ್ತಿದ ಒಬ್ಬ ಹಿರಿಯರು, "ಬಂದೆ ಬಂದೆ" ಎನ್ನುತ್ತಾ ಎದ್ದು ಒಳಗೆ ಹೋದರು.

ಹತ್ತು ನಿಮಿಷದ ನಂತರ ಅವರು ಚೀಟಿ ಹಿಡಿದು ಹೊರಗೆ ಬಂದರು. ನಾನು ಓಡಿ ಹೋಗಿ ಕೇಳಿದೆ: "ಯಜ್ಜಾ, ನಿಮ್ಮ ಹೆಸರು ಖರೇನ ಟೆಸ್ಟಪ್ಪ ಏನ್ರಿ?"

"ಅಲ್ಲವಾ. ಎರಡ ತಾಸಾತು ಕುಂತು. ಎರಡ ಸಲ ಕೂಗಿದ್ರು, ಅಂವಾ ಏಳಲಿಲ್ಲ. ಬರಲಾರದವನ ಪಾಳಿ ಯಾಕ ಹಾಳ ಮಾಡೂದು ಅಂತ ನಾನಽ ಎದ್ದೆ."

ಅವರಿಗೆ ಇದ್ದದ್ದು ಬರೀ ಕೆಮ್ಮು, ದೇವರು ದೊಡ್ಡವನು. ಆದರೆ ಡಾಕ್ಟರರು ನಮ್ಮ ಸರ್‌ಗೆ ಫೋನ್ ಮಾಡಿದರು. ಸರ್ ನನ್ನನ್ನು ಕರೆದು, ಈ ಸಲ ನಗದೆ ಹೇಳಿದರು: "ಇಳಕಲ್ ಸೀರಿ ಅಂಗಡಿದು ಒಂದ ಉಳದೈತಿ. ಐದು ದಿನ ಸಾಲಾಗಿ ಹಸರ ಬರಬೇಕು, ಆಗ ಅವರು ಸಾಫ್ಟ್‌ವೇರ್ ತಗೋತಾರ. ಬಂದ್ರ ನೀ ಖಾಯಂ. ಬರಲಿಲ್ಲಂದ್ರ..." ಮುಂದಿನದನ್ನು ಆಗಲೂ ಅವರು ಹೇಳಲಿಲ್ಲ. ನನಗೆ ಆಗಲೂ ಕೇಳುವ ಧೈರ್ಯ ಇರಲಿಲ್ಲ.

ಇಳಕಲ್ಲಿನ ಬೋಣಿ

ಇಳಕಲ್ಲಿನ ಆ ಅಂಗಡಿ ಹಳೆಯದು. ಗೋಡೆ ತುಂಬ ಸೀರೆ, ನೆಲದ ತುಂಬ ಬಿಳಿ ಗಾದಿ, ಮೂಲೆಯಲ್ಲಿ ಕಂಪ್ಯೂಟರು. ಬೆಳಿಗ್ಗೆ ಹತ್ತಕ್ಕೆ, ಬಾಗಿಲು ತೆರೆದ ಕೂಡಲೇ, ಗಿರಾಕಿ ಬರುವ ಮೊದಲು ಪರೀಕ್ಷೆ ಓಡಲಿ ಎಂದು ಅಂಗಡಿಯ ಸಾಹುಕಾರರು ಹೇಳಿದ್ದರು. ಒಟ್ಟು ನಲವತ್ತು ಪರೀಕ್ಷೆಗಳು. ಮೂವತ್ತೊಂಬತ್ತು ಹಸಿರು. ಮೊದಲನೆಯದೊಂದು ದಿನವೂ ಕೆಂಪು. ಅದೇ ಪರೀಕ್ಷೆ ಆಫೀಸಿನಲ್ಲಿ ನೂರು ಸಲ ಓಡಿಸಿದರೂ ಹಸಿರು.

ಆ ಮೊದಲ ಪರೀಕ್ಷೆ ಬಹಳ ಸರಳ. ಗಿರಾಕಿ ಸೀರೆ ನೋಡಿ ಬೇಡವೆಂದು ಹೋದರೆ ಏನಾಗುತ್ತದೆ ಎಂದು ನೋಡುವುದು. ಬಾಣ ಒಂದು ಸೀರೆ ಆರಿಸುತ್ತದೆ. ತೆರೆಯ ಮೇಲೆ "ಮಾರು", "ರದ್ದು" ಎಂದು ಎರಡು ಬಟನ್ ಬರುತ್ತವೆ. ಬಾಣ "ರದ್ದು" ಒತ್ತುತ್ತದೆ. ವರದಿಯಲ್ಲಿ ಮಾತ್ರ, ಸೀರೆ ಮಾರಾಟವಾಗಿದೆ ಎಂದು ಬರುತ್ತಿತ್ತು. ಅಕ್ಷರದ ಗಾತ್ರ ನೋಡಿದೆ, ವೇಗ ನೋಡಿದೆ, ತೆರೆ ನೋಡಿದೆ. ಆರು ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅವ್ವ ಖಾಯಂ ಆದ ಖುಷಿಗೆ ಎರಡನೆಯ ಸಲ ಓಣಿಗೆ ಪೇಢೆ ಹಂಚುವ ಯೋಚನೆಯಲ್ಲಿದ್ದಳು.

ಕೊನೆಗೆ ಯಾರಿಗೂ ಹೇಳದೆ ಮೊದಲ ಬಸ್ಸು ಹಿಡಿದು ಹೋಗಿ, ಅಂಗಡಿ ತೆರೆದ ಕೂಡಲೇ ಒಳಗೆ ಕೂತೆ. ಸಾಹುಕಾರರು ಊದಿನಕಡ್ಡಿ ಬೆಳಗಿದರು. ಹತ್ತು ಹೊಡೆಯಿತು. ಬಾಣ ಹೊರಟಿತು, ಸೀರೆ ಆರಿಸಿತು, "ರದ್ದು" ಕಡೆಗೆ ತಿರುಗಿತು. ಅಂಗಡಿಯ ಹಳೆಯ ಗುಮಾಸ್ತರು ಗಾದಿಯ ಮೇಲಿಂದ ಒಂದೇ ನೆಗೆತಕ್ಕೆ ಬಂದು, ಮೌಸ್ ಹಿಡಿದೆಳೆದು "ಮಾರು" ಒತ್ತಿ, ಆ ಕೈಯನ್ನು ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು.

"ಕಾಕಾ! ದಿನಾ ನೀವಽ ಒತ್ತತೀರೇನ್ರಿ?"

"ಮತ್ತ? ಬೋಣಿ ಹೊತ್ತಿನ್ಯಾಗ ರದ್ದ ಒತ್ತತಾರೇನವಾ? ಮೊದಲನೇ ಯಾಪಾರ ಮುರದ್ರ ದಿನಾನಽ ಮುರದಂಗ. ನಿನ್ನ ಮಷೀನಿಗೆ ಯಾರೂ ಹೇಳಿಕೊಟ್ಟಿಲ್ಲೇನು?"

"ಇದು ಬರೇ ಪರೀಕ್ಷಾ ರಿ. ಖರೆ ದಾಖಲೆ ಅಲ್ಲ. ಗಿರಾಕಿನಽ ಇಲ್ಲ."

"ಗಿರಾಕಿ ಇಲ್ಲಂದ್ರೇನಾತು, ಅಪಶಕುನ ಇರ್ತದಲ್ಲ!"

ಅಲ್ಲೇ ಕೂತು ಪರೀಕ್ಷೆಗಳ ಕ್ರಮ ಬದಲಿಸಿದೆ. ಮೊದಲು ಸೀರೆ ಮಾರುವ ಪರೀಕ್ಷೆ, ರದ್ದು ಮಾಡುವುದು ಎಲ್ಲಕ್ಕಿಂತ ಕೊನೆಗೆ. ಮರುದಿನ ನಲವತ್ತೂ ಹಸಿರು. ಹಾಗೆಯೇ ಐದು ದಿನ ಬಂತು.

ಆರನೆಯ ದಿನ ಸರ್ ಮತ್ತು ನಾನು ಕೂಡಿ ಇಳಕಲ್ಲಿಗೆ ಹೋದೆವು. ಸಾಹುಕಾರರು ಸಾಫ್ಟ್‌ವೇರ್ ತೆಗೆದುಕೊಳ್ಳಲು ಒಪ್ಪಿ ಸಹಿ ಮಾಡಿದರು. ಸರ್ ಖುಷಿಯಿಂದ, "ಇನ್ನ ನಿಮಗ ತ್ರಾಸ ಇಲ್ರಿ. ಪರೀಕ್ಷಾ ಮುಗೀತು. ಈ ಮುಂಜಾನೆ ಓಡೂದನ್ನ ಇವತ್ತಽ ತಗದ ಬಿಡ್ತೇವಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ನಿನಗೂ ಕೆಲಸ ಉಳೀಲಿಲ್ಲ ನೋಡು" ಎಂದು ನಕ್ಕರು. ಅದು ಚೇಷ್ಟೆಯೋ ಖರೆಯೋ ತಿಳಿಯಲಿಲ್ಲ.

ಸಾಹುಕಾರರು ಪೆನ್ನು ಕೆಳಗಿಟ್ಟರು. "ತಗೀತೀರಿ? ಯಾಕ್ರಿ? ಐದು ದಿನಾತು, ಹತ್ತಕ್ಕ ಸರಿಯಾಗಿ ಬೋಣಿ ಆಗಾಕತ್ತೈತಿ. ಆಮ್ಯಾಲೆ ಸಂಜೀ ತನಕಾ ಗಿರಾಕಿ ತಪ್ಪಿಲ್ಲ. ಇದನ್ನ ತಗದ್ರ ಸಾಫ್ಟ್‌ವೇರ್ ನನಗ ಬ್ಯಾಡ."

"ಹಂಗಲ್ರಿ ಸಾಹುಕಾರ್ರ, ಅದನ್ನ ದಿನಾ ನೋಡ್ಕೊಳ್ಳಾಕ ಒಬ್ಬರು ಬೇಕಾಗ್ತದ..."

"ಈ ಹುಡಿಗಿ ಅದಾಳಲ್ಲ? ಕೈಗುಣ ಛಲೋ ಐತಿ. ಖಾಯಂ ಅದಾಳೋ ಇಲ್ಲೋ?"

ಸರ್ ಸಹಿ ಮಾಡಿದ ಕಾಗದ ನೋಡಿದರು, ನನ್ನನ್ನು ನೋಡಿದರು. "ಅದಾಳ್ರಿ. ಯಾವಾಗಿಂದೋ ಖಾಯಂ ಅದಾಳ" ಎಂದರು.

ಹೀಗೆ ಅವ್ವನ ಮಾತು ನಿಜವಾಯಿತು. ಮುಂದಿನ ಸೋಮವಾರ ಖಾಯಂ ನೌಕರಿಯವಳಾಗಿ ಮೊದಲ ಸಲ ಇಳಕಲ್ಲಿಗೆ ಹೋದೆ. ಕರೆಂಟು ಹೋಗಿ ಬಂದು ಕಂಪ್ಯೂಟರು ಆಗಷ್ಟೇ ಏಳುತ್ತಿತ್ತು, ಗಡಿಯಾರದಲ್ಲಿ ಹತ್ತೂಕಾಲು. ಹೊಸ್ತಿಲ ಹೊರಗೆ ಮದುವೆ ಸೀರೆ ಕೊಳ್ಳಲು ಬಂದ ಎಂಟು ಮಂದಿ ಹೆಣ್ಣುಮಕ್ಕಳು ನಿಂತಿದ್ದರು. ಗುಮಾಸ್ತರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು ಹೇಳುತ್ತಿದ್ದರು:

"ಸಿಟ್ಟಾಗಬ್ಯಾಡ್ರಿ ಅವ್ವಾರ, ಒಂದೈದು ನಿಮಿಷ ನಿಂದರ್ರಿ. ನಮ್ಮ ಮೊದಲನೇ ಗಿರಾಕಿ ಇನ್ನೂ ಚಾಲೂ ಆಗಿಲ್ಲ."