ಜಮೈಕಾದ ಮೂರು ದನಿ, ದೊಡ್ಡಬಳ್ಳಾಪುರದ ಕಿವಿ

ಇಂಥ ಪೇಚಾಟಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇಲ್ಲ, ಅಪ್ಪನೇ ಆಟೋ ಮಾಡಿಕೊಂಡು ಹೋಗಿ ಕರಕೊಂಡು ಬರುತ್ತಾರೆ ಅಂತ ಮಗಳು ತಿದ್ದುತ್ತಾಳೆ. ದೊಡ್ಡಬಳ್ಳಾಪುರದಲ್ಲಿ ಎಂಟು ಪವರ್‌ಲೂಮ್ ಮಗ್ಗ ಇಟ್ಟುಕೊಂಡು ಸೀರೆ ನೇಯಿಸುವವನು ನಾನು. ನೇಯಿಸಿಕೊಂಡು ಸುಮ್ಮನಿರಬಹುದಿತ್ತು. ಒಂದು ಮಧ್ಯಾಹ್ನ ಹಳೇ ನಾಟಕದ ಹಾಡು ಹುಡುಕುತ್ತಿದ್ದಾಗ ಮೊಬೈಲು ತನ್ನಷ್ಟಕ್ಕೆ ತಾನೇ ಜಮೈಕಾ ದೇಶದ ಹಾಡೊಂದನ್ನು ಹಾಕಿಬಿಟ್ಟಿತು. ಮೂವರು ಗಂಡಸರು. ಒಬ್ಬ ಹಾಡು ನಡೆಸುತ್ತಾನೆ, ಇನ್ನೊಬ್ಬ ಅವನ ಕೆಳಗಿನ ದನಿಯಲ್ಲಿ, ಮತ್ತೊಬ್ಬ ಅವನ ಮೇಲಿನ ದನಿಯಲ್ಲಿ. ಮೂರೂ ಬೇರೆ ಬೇರೆ, ಕೇಳುವಾಗ ಒಂದೇ. ಕಿಂಗ್‌ಸ್ಟನ್ನಿನ ವಠಾರಗಳಲ್ಲಿ ಇಂಥ ಮೂವರ ತಂಡಗಳು ಬೇಕಾದಷ್ಟು ಹುಟ್ಟಿದ್ದವಂತೆ. ಒಂದೊಂದನ್ನೂ ಹುಡುಕಿ ಕೇಳಿದೆ, ತಲೆ ಕೆಟ್ಟಿತು.

ನನ್ನೊಬ್ಬನದು ಕೆಟ್ಟರೆ ಸಾಲದು ಅಂತ ಪಕ್ಕದ ಮೆಡಿಕಲ್ ಶಾಪಿನ ಯಜಮಾನರನ್ನೂ ಎದುರುಮನೆಯ ಲೆಕ್ಕದ ಮೇಷ್ಟ್ರನ್ನೂ ಸೇರಿಸಿಕೊಂಡು ನಾನೂ ಒಂದು ತಂಡ ಕಟ್ಟಿದೆ. ಯಜಮಾನರದು ಬೋರ್‌ವೆಲ್ಲಿನ ತಳದಿಂದ ಬರುವ ದನಿ. ಮೇಷ್ಟ್ರದು ಸಣ್ಣ, ಎತ್ತರದ ದನಿ. ಹಾಡು ನಡೆಸುವ ಘನಕಾರ್ಯ ನನಗೆ ಬಂತು, ತಂಡ ಕಟ್ಟಿದವನು ನಾನೇ ಆದ್ದರಿಂದ.

ಓಂ ಶಾಂತಿ

ಬಂಧುಬಳಗದ ಜ್ಞಾನ ಹೆಚ್ಚಿಸೋಣ ಎಂದು ಒಂದು ಬೆಳಿಗ್ಗೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ನನ್ನ ಮೆಚ್ಚಿನ ಜಮೈಕಾ ತಂಡದ ಫೋಟೋ ಹಾಕಿದೆ. ಹಳೇ ಕಪ್ಪು-ಬಿಳುಪು ಫೋಟೋ, ಕೋಟು ಹಾಕಿದ ಮೂವರು. ಕೆಳಗೆ ‘ಇಂಥ ದನಿಗಳು ಇನ್ನು ಹುಟ್ಟುವುದಿಲ್ಲ’ ಎಂದು ಬರೆದೆ.

ಐದು ನಿಮಿಷದಲ್ಲಿ ಗ್ರೂಪಿಗೆ ಗ್ರೂಪೇ ಕೈ ಮುಗಿಯಿತು. ಓಂ ಶಾಂತಿ. ಓಂ ಶಾಂತಿ. ‘ಕುಟುಂಬಕ್ಕೆ ದುಃಖ ತಡೆಯುವ ಶಕ್ತಿ ಬರಲಿ’ ಎಂದು ಬರೆದ ನಮ್ಮತ್ತೆ, ಅದರ ಹಿಂದೆಯೇ ನಗುವ ಗುಲಾಬಿಯ ಶುಭೋದಯವನ್ನೂ ಕಳಿಸಿದರು. ಅಷ್ಟರಲ್ಲಿ ಕುಂದಾಣದ ದೊಡ್ಡಪ್ಪನ ಫೋನು.

“ಏನಪ್ಪಾ, ಮೂರು ಜನಾನೂ ಒಂದೇ ಸಲ ಹೋಗ್ಬಿಟ್ರಾ? ಏರ್‌ಪೋರ್ಟ್ ರೋಡಲ್ಲಾ?”

“ಇಲ್ಲ ದೊಡ್ಡಪ್ಪಾ, ಅವ್ರು ಜಮೈಕಾದೋರು.”

“ಜಮಖಾನದೋರಾ? ಹಂಗಾದ್ರೆ ನಿಮ್ ಮಗ್ಗದ ಕಡೆಯೋರೇ ಅನ್ನು. ಮಣ್ಣು ಎಷ್ಟೊತ್ತಿಗೆ? ನಾನು ಬಸ್ ಹತ್ತಾಯ್ತು.”

ಬಂದರು. ವಿಷಯ ತಿಳಿದು ಬೈದರು. ಬೈದು ಮುಗಿಸಿ ಊಟ ಮಾಡಿದರು. ಸಾವಿಗೆ ತಂದ ಹಾರ ವಾಪಸ್ ಮನೆಗೆ ಒಯ್ಯಬಾರದು ಅಂತ, ಹೊರಡುವಾಗ ಅದನ್ನು ನನ್ನ ಕೊರಳಿಗೇ ಹಾಕಿ ಹೋದರು.

ಯಾವ ಪಾರ್ಟು?

ಮೂರು ದನಿ ಹದಕ್ಕೆ ಬರಲು ಗುರು ಬೇಕಲ್ಲ. ರಾಜಘಟ್ಟದ ಕಡೆ ಊರವರಿಗೆ ಪೌರಾಣಿಕ ನಾಟಕ ಕಲಿಸುವ ಡ್ರಾಮಾ ಮಾಸ್ಟರ್ ಒಬ್ಬರಿದ್ದರು. ಹಾರ್ಮೋನಿಯಂ ಮುಂದೆ ಕೂತರೆ ಮೂರು ಹೊತ್ತೂ ಏಳುವವರಲ್ಲ. ಅವರ ಬಳಿಗೆ ಹೋದೆವು.

“ಯಾರ್‌ದು ಯಾವ ಪಾರ್ಟು?” ಎಂದರು.

“ನಂದು ನಡುವಿನ ಪಾರ್ಟು ಮಾಸ್ಟ್ರೇ. ಇವ್ರದು ಕೆಳಗಿಂದು, ಅವ್ರದು ಮೇಲಿಂದು.”

“ಅಲ್ಲಪ್ಪಾ, ರಾಜಂದಾ, ಮಂತ್ರಿದಾ?”

ಪಾರ್ಟು ಅಂದರೆ ವೇಷವಲ್ಲ, ದನಿ ಎಂದು ವಿವರಿಸಿ, ಹಾಡಿ ತೋರಿಸಿದೆವು. ನಾಲ್ಕು ಸಾಲು ಕೇಳುವಷ್ಟರಲ್ಲಿ ಮಾಸ್ಟರು ಹಾರ್ಮೋನಿಯಂ ಮುಚ್ಚಿ, ಅದರ ಮೇಲೆ ಟವಲ್ಲನ್ನೂ ಹೊದಿಸಿದರು. ಪೆಟ್ಟಿಗೆಗೆ ಕೇಳಿಸಬಾರದು ಅಂತಿರಬೇಕು.

“ಒಬ್ರು ಇಲ್ಲಿ, ಒಬ್ರು ಅಲ್ಲಿ, ಇನ್ನೊಬ್ರು ಎಲ್ಲವ್ರೋ ಗೊತ್ತಿಲ್ಲ. ಇದು ಹಾಡಲ್ಲ ಸ್ವಾಮಿ, ಅಣ್ತಮ್ಮಂದಿರ ಪಾಲು. ನನ್ ಹತ್ರ ಯಾಕ್ ಬಂದ್ರಿ, ವಕೀಲರ ಹತ್ರ ಹೋಗಿ.”

ಕರೆಂಟ್ ಇಲ್ಲದ ಮೋಟಾರು

ಗುರುವಿಲ್ಲದೆ ನಾವೇ ಅಭ್ಯಾಸಕ್ಕೆ ಇಳಿದೆವು. ಎಂಟು ಮಗ್ಗ ಓಡುವಾಗ ನಮ್ಮ ಮನೆಯಲ್ಲಿ ಸ್ವಂತ ಯೋಚನೆಯೂ ಕೇಳಿಸುವುದಿಲ್ಲ, ಇನ್ನು ಹಾಡೆಲ್ಲಿ ಬಂತು. ಆದ್ದರಿಂದ ಕರೆಂಟ್ ಹೋದಾಗ ಮಾತ್ರ ನಮ್ಮ ಸಂಗೀತ. ದೀಪ ಆರಿದ ತಕ್ಷಣ ಮೇಷ್ಟ್ರು ಎದುರುಮನೆಯಿಂದ, ಯಜಮಾನರು ಪಕ್ಕದ ಅಂಗಡಿಯಿಂದ ಓಡಿಬರುತ್ತಿದ್ದರು. ಮಗ್ಗ ನಿಂತು ಕಿವಿಗೆ ಸ್ವಲ್ಪ ನೆಮ್ಮದಿ ಸಿಕ್ಕಿತು ಎಂದುಕೊಂಡ ಬೀದಿಯವರಿಗೆ ಇದರಿಂದಾದ ಆನಂದವನ್ನು ನೀವೇ ಊಹಿಸಿಕೊಳ್ಳಿ.

ಒಂದು ಮಧ್ಯಾಹ್ನ ಹಾಡಿನ ನಡುವೆ ಲೈನ್‌ಮನ್ ಬಂದು ಬಾಗಿಲಲ್ಲಿ ನಿಂತ.

“ಯಾವ ಮಗ್ಗ ಅಣ್ಣಾ?”

“ಏನು ಯಾವ ಮಗ್ಗ?”

“ಹಿಂದಿನ ಬೀದಿಯಿಂದ ಮೂರು ಫೋನ್ ಬಂದೈತೆ. ಕರೆಂಟ್ ಇಲ್ದೇನೂ ಇಲ್ಲೊಂದು ಮೋಟಾರು ಗುಂಯ್ ಅಂತೈತಂತೆ. ಸುಟ್ಟೋಗಕ್ ಮುಂಚೆ ನೋಡು ಅಂದ್ರು.”

ಗುಂಯ್ ಎನ್ನುತ್ತಿದ್ದ ಯಜಮಾನರು ಮೆಲ್ಲಗೆ ಅಂಗಡಿಯ ಕಡೆ ಸರಿದರು. ಲೈನ್‌ಮನ್ ಅವರ ಬೆನ್ನನ್ನೇ ನೋಡುತ್ತಾ, “ಹೋಗ್ಲಿ ಬಿಡಿ, ಅದೇ ಆಫ್ ಆಯ್ತು” ಎಂದ.

ಊ

ಹಾಡಿನ ಮಾತುಗಳೆಲ್ಲ ನನ್ನವು. ಯಜಮಾನರಿಗೆ ಪ್ರತಿ ಸಾಲಿನ ಕೊನೆಯ ಎರಡು ಪದ. ಮೇಷ್ಟ್ರಿಗೆ ಮೊದಲಿಂದ ಕೊನೆಯವರೆಗೂ ‘ಊ’. ಒಂದು ಕಡೆ ಮಾತ್ರ ‘ಆ’, ಅದೂ ಬಹಳ ಕೇಳಿಕೊಂಡ ಮೇಲೆ ಕೊಟ್ಟದ್ದು. ಹಂಚಿಕೆಯಲ್ಲಿ ನನಗೇನೂ ಅನ್ಯಾಯ ಕಾಣಲಿಲ್ಲ.

ಮೇಷ್ಟ್ರು ಮನೆಯಲ್ಲೂ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ಅವರ ಹೆಂಡತಿ ಮೆಡಿಕಲ್ ಶಾಪಿಗೆ ಬಂದರು. “ಅಣ್ಣಾ, ನಮ್ಮನೆಯೋರು ಮೂರು ತಿಂಗಳಿಂದ ಊ ಊ ಅಂತಿದಾರೆ. ಕೇಳಿದ್ರೆ ಏನಿಲ್ಲ ಅಂತಾರೆ. ಹಲ್ಲುನೋವಿಗೆ ಏನಾದ್ರೂ ಕೊಡಿ.” ಯಜಮಾನರು ನಿಜ ಹೇಳಬಹುದಿತ್ತು. ಒಂದು ಸ್ಟ್ರಿಪ್ ಮಾತ್ರೆ ಕೊಟ್ಟು ಕಳಿಸಿದರು.

ಸಂಜೆ ಮೇಷ್ಟ್ರು ಕೆಂಡವಾಗಿ ಬಂದರು.

“ಸ್ಕೂಲಲ್ಲಿ ಮಕ್ಕಳು ನನ್ನ ಕಂಡ್ರೆ ಊ ಅಂತಾವೆ. ಮನೇಲಿ ಮಾತ್ರೆ ನುಂಗಿಸ್ತಾರೆ. ಈ ಭಾನುವಾರ ಗೃಹಪ್ರವೇಶದಲ್ಲಿ ಹಾಡೋದೇ ಕೊನೆ ಕಣ್ರೀ. ಆಮೇಲೆ ನಾನು ಭಜನಾ ಮಂಡಳಿಗೆ ಹೋಗ್ತೀನಿ. ಅಲ್ಲಿ ಬಾಯಲ್ಲಿ ದೇವರ ಹೆಸರಾದ್ರೂ ಬರುತ್ತೆ.”

ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಮೇಲಿನ ದನಿ ಹೋದರೆ ಉಳಿಯುವುದು ಒಟ್ಟಿಗೆ ಕೂಗುವ ಇಬ್ಬರು ಗಂಡಸರು. ಅದಕ್ಕೆ ತಂಡ ಅನ್ನುವುದಿಲ್ಲ, ಜಗಳ ಅನ್ನುತ್ತಾರೆ. ಮೂರು ದನಿಯನ್ನು ಒಂದು ಹಾಡಾಗಿ ಕೇಳಿಸಿಕೊಳ್ಳುವ ಒಬ್ಬನಾದರೂ ಈ ತಾಲ್ಲೂಕಿನಲ್ಲಿ ಸಿಗಲಿ ಎಂಬ ನನ್ನ ಆಸೆಯೂ ಅಲ್ಲಿಗೆ ಮುಗಿಯಿತು.

“ಮುಂದಿನ ಹಾಡಲ್ಲಿ ಒಂದು ಸಾಲು ಮಾತು ಕೊಡ್ತೀನಿ ಮೇಷ್ಟ್ರೇ” ಎಂದೆ.

“ಎರಡು.”

“ಯೋಚನೆ ಮಾಡ್ತೀನಿ.”

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ‘ಊ’ ಅಂತಲೂ ಅನ್ನಲಿಲ್ಲ.

ಮರ್ಯಾದೆ ಉಳಿಸಿದವನು

ಗೃಹಪ್ರವೇಶ ನಲ್ಲೂರಿನ ಹತ್ತಿರ, ಯಜಮಾನರ ಭಾವಮೈದುನನ ಹೊಸ ಮನೆಯದು. ಶಾಮಿಯಾನದ ಕೆಳಗೆ ಒಂದು ಕಡೆ ಊಟದ ಪಂಕ್ತಿ, ಎದುರಿಗೆ ಸಣ್ಣ ಸ್ಟೇಜು, ಮೂರು ಮೈಕು. ಸ್ಪೀಕರುಗಳು ಜನರ ಕಡೆಗಿದ್ದವು. ಸ್ಟೇಜಿನ ಮೇಲಿದ್ದ ನಮಗೆ ಕೇಳಿಸುತ್ತಿದ್ದದ್ದು ನಮ್ಮ ಗಂಟಲು ಮಾತ್ರ.

ನಮ್ಮೂರ ಕೆರೆಯ ಮೇಲೆ ನಾನೇ ಬರೆದ ಹಾಡು. ಶುರು ಮಾಡಿದಾಗ ಯಾರೂ ತಲೆ ಎತ್ತಲಿಲ್ಲ, ಆಗಷ್ಟೇ ಹೋಳಿಗೆ ಬಡಿಸುತ್ತಿದ್ದರು. ಒಂದು ನಿಮಿಷ ಕಳೆಯಿತು. ಇದ್ದಕ್ಕಿದ್ದಂತೆ ಪಂಕ್ತಿ ನಿಶ್ಶಬ್ದವಾಯಿತು. ತುಪ್ಪದ ಮಿಳ್ಳೆ ಹಿಡಿದವನು ಹಿಡಿದ ಹಾಗೇ ನಿಂತ. ಮೊದಲ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮೈ ಜುಮ್ಮೆಂದಿತು. ಕೊನೆಗೂ ನಲ್ಲೂರಿನಲ್ಲಿ ಮೂರು ದನಿ ಒಂದಾಗಿದೆ! ಹುಮ್ಮಸ್ಸಿನಲ್ಲಿ ಇನ್ನೂ ಜೋರಾಗಿ ಹಾಡಿದೆ, ಕೈ ಬೀಸಿದೆ, ಒಂದೆರಡು ಸಲ ಕುಣಿದೆ ಕೂಡ. ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. “ಒನ್ಸ್ ಮೋರ್!” ಎಂದರು. ಮತ್ತೆ ಹಾಡಿದೆವು.

ಇಳಿದು ಬಂದಾಗ ಆ ಅಜ್ಜಿ ನನ್ನನ್ನು ದಾಟಿಕೊಂಡು ಹೋಗಿ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಒಂದು ಮಾತಿಲ್ದೆ ಎಲ್ಲಾ ಹೇಳ್ಬಿಟ್ಯಲ್ಲೋ ಮಗಾ! ಏನ್ ಸಂಕಟವೋ ನಿಂಗೆ!” ಮನೆಯವರು ಮೇಷ್ಟ್ರಿಗೆ ಶಾಲು ಹೊದಿಸಿದರು. ನಮ್ಮಿಬ್ಬರಿಗೆ, ಊಟ ಮಾಡಿಕೊಂಡು ಹೋಗಿ ಎಂದರು.

ಏನೋ ಎಡವಟ್ಟಾಗಿದೆ ಅನ್ನಿಸಿ ಮೈಕ್ ಸೆಟ್ಟಿನವನ ಹತ್ತಿರ ಹೋದೆವು.

“ಹೇಗಿತ್ತಪ್ಪಾ ಹಾಡು?”

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಬೇಜಾರು ಮಾಡ್ಕೋಬೇಡಿ ಅಣ್ಣಾ. ಶುರೂನಲ್ಲೇ ಗೊತ್ತಾಯ್ತು, ಮೂರು ಜನ ಮೂರು ಕಡೆ ಹೋಗ್ತಿದ್ರಿ. ಸಣ್ಣ ದನಿಯೋರು ಒಬ್ರೇ ಕರೆಕ್ಟು. ಮರ್ಯಾದೆ ಪ್ರಶ್ನೆ ನೋಡಿ, ನಿಮ್ಮಿಬ್ಬರ ಮೈಕು ಆಫ್ ಮಾಡ್ಬಿಟ್ಟೆ. ಯಾರ್ಗೂ ಗೊತ್ತಾಗಿಲ್ಲ. ಆ್ಯಕ್ಷನ್ ಮಾತ್ರ ಸಕ್ಕತ್ತಾಗ್ ಮಾಡಿದ್ರಿ.”

ಶಾಲು ಹೊದ್ದ ಮೇಷ್ಟ್ರು ನಮ್ಮ ಹಿಂದೆಯೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮೂವರೂ ಕಾರು ಹತ್ತಿದೆವು. ನಾನೇ ಧೈರ್ಯ ಮಾಡಿ ಕೇಳಿದೆ.

“ಮೇಷ್ಟ್ರೇ, ಎರಡಲ್ಲ, ನಾಲ್ಕು ಸಾಲು ಮಾತು ಕೊಡ್ತೀನಿ. ತಂಡ ಬಿಡಬೇಡಿ.”

ಮೇಷ್ಟ್ರು ಶಾಲು ಸರಿಮಾಡಿಕೊಂಡರು. “ಮಾತೆಲ್ಲ ನೀವೇ ಇಟ್ಕೊಳ್ಳಿ. ತಂಡ ಯಾಕ್ರೀ ಬಿಡ್ಲಿ? ನಾನು ಹಾಡೋವಾಗ ಹಿಂದೆ ನಿಂತ್ಕೊಂಡು ಬಾಯಿ ಆಡಿಸೋಕೆ ಇಬ್ರು ಬೇಕಲ್ಲ.”