ಶ್ರೀಮತಿ ಟ್ರಸ್ಕಾಟರ ಪಕ್ಕದ ಕುರ್ಚಿ

ವೆಂಡೆಲ್ ಹಾಸ್ಕಿನ್ಸನ ರಕ್ತ ಕುದಿಯುವಂತೆ ಮಾಡಿದ್ದು ಒಂದು ಕುರ್ಚಿ. ವಾಷಿಂಗ್ಟನ್ನಿನ ಟ್ರಸ್ಕಾಟ್ ಸಂಸ್ಥೆಯಲ್ಲಿ ಅಂದು ಸಂಜೆ ದಿವಂಗತ ಪ್ರೊಫೆಸರ್ ಆರ್ವಿಲ್ ಟ್ರಸ್ಕಾಟರ ನೆನಪಿನ ಔತಣ. ಈಗ ಎರಡು ಬಣವಾಗಿ ಒಡೆದಿದ್ದ ಅಮೆರಿಕದ ಸಂಪ್ರದಾಯವಾದಿ ರಾಜಕಾರಣಿಗಳಿಗೆಲ್ಲ ಗುರು ಅನ್ನಿಸಿಕೊಂಡಿದ್ದವರು. ಅವರ ಹೆಂಡತಿ ಶ್ರೀಮತಿ ಟ್ರಸ್ಕಾಟ್, ಸಂಸ್ಥೆಯ ಕಾರ್ಯದರ್ಶಿಯಾದ ವೆಂಡೆಲ್‌ಗೆ ಮೊದಲೇ ಹೇಳಿಬಿಟ್ಟಿದ್ದರು: "ನೋಡಪ್ಪ, ಎರಡು ಬಣದೋರೂ ಕಿತ್ತಾಡ್ಕೊಂಡೇ ಊಟ ಮುಗಿಸಿದ್ರೆ, ನಮ್ಮ ಯಜಮಾನ್ರ ಹೆಸರು ಬೋರ್ಡಿಂದ ತೆಗೆಸ್ತೀನಿ." ದೇಣಿಗೆ ಬರುತ್ತಿದ್ದದ್ದೇ ಆ ಹೆಸರು ನೋಡಿ; ಹೆಸರು ಹೋದರೆ ಸಂಸ್ಥೆ ಮುಚ್ಚಿದಂತೆ, ವೆಂಡೆಲ್‌ನ ಕೆಲಸವೂ ಹೋದಂತೆ.

ಬೆಳಿಗ್ಗೆಯೇ ಬರ್ಚರ್ಡ್ ಫೋನ್ ಮಾಡಿದ. ಮುಕ್ತ ವ್ಯಾಪಾರದ ಹಳೇ ಬಣದ ಮುಖಂಡ, ಮಲಗುವಾಗಲೂ ಬೋ ಟೈ ಬಿಚ್ಚದ ಆಸಾಮಿ. "ಆ ಅಮ್ಮನ ಪಕ್ಕ ನಾನೇ ಕೂರೋದು, ಗೊತ್ತಾಯ್ತಾ?" ಅವನು ಫೋನ್ ಇಡುವಷ್ಟರಲ್ಲಿ ಆಮದಿಗೆ ಸುಂಕ ಹಾಕಬೇಕೆನ್ನುವ ಹೊಸ ಬಣದ ಮುಖಂಡ ಕ್ರ್ಯಾಂಡಲ್‌ನ ಫೋನ್. "ಆ ಬೋ ಟೈ ಅಲ್ಲಿ ಕೂತ್ರೆ ನಾವೆಲ್ಲ ಎದ್ದು ಹೋಗ್ತೀವಿ ಕಣಯ್ಯಾ!"

"ಹಾಳಾಗಿ ಹೋಗಿ!" ಎಂದು ವೆಂಡೆಲ್ ಆ ಕುರ್ಚಿಯನ್ನೇ ಎತ್ತಿಸಿ ಉಗ್ರಾಣಕ್ಕೆ ಹಾಕಿಸಿದ. ಸಂಜೆ ಇಬ್ಬರೂ ಒಂದೊಂದು ಕುರ್ಚಿ ಹೊತ್ತುಕೊಂಡೇ ಬಂದು, ಶ್ರೀಮತಿ ಟ್ರಸ್ಕಾಟರ ಎಡಕ್ಕೊಬ್ಬ ಬಲಕ್ಕೊಬ್ಬ ಕೂತರು.

ಕೋಳಿ ಬಡಿಸುವ ಮೊದಲೇ ಜಗಳ ಶುರುವಾಯಿತು.

"ಗುರುಗಳು ಸಾಯೋವರ್ಗೂ ಮುಕ್ತ ವ್ಯಾಪಾರದ ಪರ!" ಎಂದ ಬರ್ಚರ್ಡ್.

"ಕೊನೇ ವಾರ ನನ್ನ ಕೈ ಹಿಡ್ಕೊಂಡು, ಸುಂಕ ಹಾಕಿ ಅಂದ್ರು!" ಎಂದ ಕ್ರ್ಯಾಂಡಲ್.

"ಕೊನೇ ವಾರ ಅವರಿಗೆ ಪ್ರಜ್ಞೆನೇ ಇರ್ಲಿಲ್ವಲ್ಲೋ!"

ಎಲ್ಲಿಂದಲೋ ಒಂದು ಬನ್ನು ಹಾರಿ ಬಂದು ವೆಂಡೆಲ್‌ನ ಹಣೆಗೆ ಬಡಿಯಿತು. ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡಿದ್ದವನು ಮೈಕು ಕಿತ್ತುಕೊಂಡ.

"ಥೂ, ನಾಚಿಕೆ ಆಗಲ್ವಾ? ಅವರೇ ಕಟ್ಟಿದ ಸಂಸ್ಥೆಯಿಂದ ಅವರನ್ನ ಹೊರಗೆ ಹಾಕಿದ್ದು ನೀವಿಬ್ರೇ ತಾನೆ? ಬರ್ಚರ್ಡ್, ಯುದ್ಧ ಬೇಡ ಅಂದಿದ್ದಕ್ಕೆ ಅವರನ್ನ ನೀನು ದ್ರೋಹಿ ಅಂದೆ. ಕ್ರ್ಯಾಂಡಲ್, ನಿಮ್ಮ ನಾಯಕರಿಗೆ ಜೈ ಅನ್ನಲ್ಲ ಅಂದಿದ್ದಕ್ಕೆ ನೀನೂ ದ್ರೋಹಿ ಅಂದೆ. ಅವರದ್ದು ಒಂದೇ ಒಂದು ಪುಸ್ತಕ ಪೂರ್ತಿ ಓದಿದೋರು ಇದ್ರೆ ಕೈ ಎತ್ರೋ!"

ಒಂದು ಕೈಯೂ ಮೇಲೇಳಲಿಲ್ಲ. ಬರ್ಚರ್ಡ್ ಕ್ರ್ಯಾಂಡಲ್‌ನ ಮುಖ ನೋಡಿದ. ಕ್ರ್ಯಾಂಡಲ್ ತಲೆಯಾಡಿಸಿದ.

"ದ್ರೋಹಿ!" ಎಂದರು ಇಬ್ಬರೂ.

ವೆಂಡೆಲ್‌ನನ್ನು ಕೆಲಸದಿಂದ ತೆಗೆಯುವ ನಿರ್ಣಯವನ್ನು ನಿಂತ ನಿಲುವಿನಲ್ಲೇ ಒಬ್ಬ ಮಂಡಿಸಿದ, ಇನ್ನೊಬ್ಬ ಅನುಮೋದಿಸಿದ. ಎರಡೂ ಬಣದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖಂಡರಿಬ್ಬರೂ ತಬ್ಬಿಕೊಂಡು, ಗುರುಗಳ ನೆನಪಿಗೆಂದು ಗ್ಲಾಸು ಎತ್ತಿದರು.

"ಆಯ್ತು, ಒಂದಾದ್ರಲ್ಲ. ಮಾತು ಅಂದ್ರೆ ಮಾತು, ಹೆಸರು ಇರ್ಲಿ," ಎಂದರು ಶ್ರೀಮತಿ ಟ್ರಸ್ಕಾಟ್. ಆಮೇಲೆ ಪಕ್ಕದಲ್ಲಿ ಖಾಲಿಯಾಗಿದ್ದ ಕುರ್ಚಿಯನ್ನು ತಟ್ಟಿ ವೆಂಡೆಲ್‌ನನ್ನು ಕರೆದರು. "ಬಾಪ್ಪಾ, ಕೂತ್ಕೋ. ನಮ್ಮ ಯಜಮಾನ್ರನ್ನ ಓಡಿಸಿದ ದಿನಾನೂ ಇವರಿಬ್ರೂ ಹೀಗೇ ತಬ್ಬಿಕೊಂಡಿದ್ರು."